ಮೇಲಿನ ಲಾಯ

ಯಮುನಾ ಬರುವುದಿಲ್ಲವಂತೆ ಎಂಬ ಸುದ್ದಿಯನ್ನು ಸೂರ್ಯ ತಂದದ್ದು ಭಾನುವಾರ ಸಂಜೆಯ ಊಟದ ಹೊತ್ತಿಗೆ. ಮುದ್ದೆ ಹೊಗೆಯಾಡುತ್ತಿತ್ತು, ಅವರೆಕಾಳಿನ ಸಾರು ಇನ್ನೂ ಒಲೆಯ ಮೇಲಿತ್ತು. ಬಾಣಂತನಕ್ಕೆ ತವರಿಗೆ ಹೋಗಿದ್ದ ಹೆಂಡತಿಯನ್ನೂ ನಾಲ್ಕು ತಿಂಗಳ ಮಗಳನ್ನೂ ನೋಡಿಕೊಂಡು ಕಮ್ಮನಹಳ್ಳಿಯಿಂದ ಬಂದವನು ಕೈಕಾಲು ಕೂಡ ತೊಳೆಯದೆ ತಟ್ಟೆಯ ಮುಂದೆ ಕೂತ.

"ಮುಂದಿನ ತಿಂಗಳು ಕರ್ಕೊಂಡ್ಬರೋಕೆ ಒಂದು ಒಳ್ಳೆ ದಿನ ನೋಡ್ಬೇಕು" ಎಂದರು ತಾಯಿ ಮಂಜುಳಮ್ಮ.

"ದಿನ ನೋಡಿ ಏನ್ಮಾಡ್ತೀಯಮ್ಮ? ಅವಳು ಬರಲ್ಲಂತೆ."

"ಯಾಕಂತೆ?"

"ಊರೋರ ಕೊಳೆನೀರು ಹರಿಯೋ ರೂಮಲ್ಲಿ ಮಗು ಮಲಗ್ಸಲ್ಲಂತೆ."

ಬಡಿಸುತ್ತಿದ್ದ ಸುಜಾತಾಳ ಸೌಟು ಒಂದು ಗಳಿಗೆ ನಿಂತಿತು. ಊರೋರು ಎಂದರೆ ಬೇರೆ ಯಾರೂ ಅಲ್ಲ, ಅವಳೇ. ಸೂರ್ಯನ ಅಣ್ಣ ಜಗದೀಶನ ಹೆಂಡತಿ ಅವಳು, ಮನೆಯ ಹಿರಿಸೊಸೆ. ದಿನಕ್ಕೆ ಅಷ್ಟೂ ಪಾತ್ರೆ ತೊಳೆಯುವವಳು.

"ಇಬ್ಬರನ್ನೂ ನಾನು ಆ ರೂಮಲ್ಲೇ ಹೆತ್ತೆ. ನೀನೇನು ಮೋರೀಲಿ ತೇಲ್ಕೊಂಡು ಹೋದ್ಯಾ?" ಎಂದರು ಮಂಜುಳಮ್ಮ.

"ಹೋಗಿದ್ರೆ ದಿನಕ್ಕೆರಡು ಮುದ್ದೆ ಉಳೀತಿತ್ತು" ಎಂದ ಜಗದೀಶ, ತಲೆ ಎತ್ತದೆ.

ಯಾರೂ ನಗಲಿಲ್ಲ. ಜಗದೀಶನ ಮಗಳು, ಪಿಯುಸಿ ಎರಡನೇ ವರ್ಷದ ಹಂಸ ಮಾತ್ರ, "ಚಿಕ್ಕಮ್ಮ ಹೇಳೋದು ಸರಿ ಅಜ್ಜಿ. ಅದು ಕೊಳೆನೀರೇ ಅಲ್ವಾ?" ಎಂದಳು.

"ಮುಂದಿನ ತಿಂಗಳು ಪರೀಕ್ಷೆ ಇಟ್ಕೊಂಡು ನೀನು ಮೋರಿ ವಿಚಾರ ಓದ್ಬೇಡ."

ಹಲಸೂರಿನಲ್ಲಿ ಆ ಮನೆಯನ್ನು ಇವತ್ತಿಗೂ ಕುದುರೆಮನೆ ಎಂದೇ ಕರೆಯುತ್ತಾರೆ. ಗ್ಯಾಸಿನವನಿಗೆ ನಂಬರು ಹೇಳಿದರೆ ಗೊತ್ತಾಗುವುದಿಲ್ಲ, ಕುದುರೆಮನೆ ಎಂದರೆ ಸೀದಾ ಬರುತ್ತಾನೆ. ಮಂಜುಳಮ್ಮನವರ ಮಾವ ಬೈಲಪ್ಪ ಕಗ್ಗದಾಸಪುರದ ಹೊಲ ಬಿಟ್ಟು ಬಂದು ಒಬ್ಬ ದೊರೆಸಾನಿಯ ಬಂಗಲೆಯಲ್ಲಿ ಸಾರೋಟು ಹೊಡೆಯುತ್ತಿದ್ದರು. ದೊರೆಸಾನಿ ಸೀಮೆಗೆ ಹೊರಟಾಗ ಕುದುರೆಗಳನ್ನು ಮಾರಿ, ಲಾಯವನ್ನು ಬೈಲಪ್ಪನ ಹೆಸರಿಗೆ ಬರೆದುಕೊಟ್ಟಳು. ಆಮೇಲೆ ಬಂಗಲೆ ಹೋಯಿತು, ಅಲ್ಲಿ ಏಳಂತಸ್ತಿನ ಅಪಾರ್ಟ್‌ಮೆಂಟು ಎದ್ದಿತು. ಲಾಯ ಮಾತ್ರ ಇದ್ದಲ್ಲೇ ಉಳಿಯಿತು. ಒಂದೇ ಸಾಲಿಗೆ ಮೂರು ಲಾಯ, ಮೇಲಿನ ತುದಿಗೆ ಸಾರೋಟು ನಿಲ್ಲಿಸುತ್ತಿದ್ದ ಗಾಡಿಮನೆ. ಈಗ ಗಾಡಿಮನೆಯೇ ಅಡುಗೆಮನೆ, ಊಟದಮನೆ ಎರಡೂ. ಲಾಯಗಳು ಮಲಗುವ ಕೋಣೆಗಳು. ಕುದುರೆಗೆ ಹುರುಳಿ ಸುರಿಯುತ್ತಿದ್ದ ಕಲ್ಲಿನ ಗೋದಲಿಯಲ್ಲಿ ಹಂಸಳ ಪುಸ್ತಕ.

ಕುದುರೆಯ ಗಂಜಲ ನಿಲ್ಲದೆ ಹರಿದುಹೋಗಲೆಂದು ಕಟ್ಟಿದವರು ನೆಲವನ್ನು ಇಳಿಜಾರು ಮಾಡಿದ್ದರು. ಮೇಲಿನ ಲಾಯದಲ್ಲಿ ಹುಟ್ಟಿದ ಮೋರಿ ಗೋಡೆಗಳ ಬುಡದಲ್ಲಿ ತೂರಿ, ಮಧ್ಯದ ಲಾಯ ಹಾದು, ಕೆಳಗಿನ ಲಾಯವನ್ನು ನಟ್ಟನಡುವೆ ಸೀಳಿಕೊಂಡು ಬೀದಿಯ ಚರಂಡಿ ಸೇರುತ್ತಿತ್ತು. ಒಂದು ಗೇಣು ಅಗಲ, ಎರಡು ಬೆರಳು ಆಳ, ಮುಚ್ಚಳವಿಲ್ಲ. ಮಂಜುಳಮ್ಮನವರ ಗಂಡ ಮುನಿರಾಜಪ್ಪ ಒಮ್ಮೆ ಕಡಪಾ ಕಲ್ಲು ಮುಚ್ಚಿಸಿ ನೋಡಿದ್ದರು. ಅನ್ನದಗುಳು, ತಲೆಗೂದಲು ಸಿಕ್ಕಿಕೊಂಡು ಹದಿನೈದೇ ದಿನಕ್ಕೆ ನಾತ ಎದ್ದಿತು. ಕಲ್ಲು ಕಿತ್ತು ಹಾಕಿದರು.

ಹಾಗಾಗಿ ಆ ಮನೆಗೆ ತನ್ನದೇ ಕಾನೂನುಗಳಿದ್ದವು. ಪ್ರತಿ ಲಾಯದ ಮೂಲೆಯಲ್ಲಿ ಒಂದು ಬಚ್ಚಲು. ಮೇಲಿನವರು ನೀರು ಬಿಡುವ ಮೊದಲು "ನೀರು" ಎಂದು ಕೂಗಬೇಕು. ಕೆಳಗಿನವರು ಚಾಪೆ ಮಡಿಸಿ, ಚಪ್ಪಲಿ ಎತ್ತಿಟ್ಟು "ಹ್ಞೂಂ" ಎನ್ನಬೇಕು. ಗಾಡಿಮನೆಗೆ ಮೋರಿಯೇ ಇಲ್ಲ, ಸಾರೋಟೇನು ಉಚ್ಚೆ ಹೊಯ್ಯುವುದಿಲ್ಲವಲ್ಲ. ಆದ್ದರಿಂದ ಪಾತ್ರೆ ತೊಳೆಯುವುದೂ ಪಕ್ಕದ ಮೇಲಿನ ಲಾಯದ ಬಚ್ಚಲಿನಲ್ಲೇ. ಅಡುಗೆಮನೆಯ ಬೀಗದಕೈ ಯಾರ ಸೊಂಟದಲ್ಲಿದೆಯೋ ಮೇಲಿನ ಲಾಯ ಅವರದು. ಹೊಸದಾಗಿ ಬಂದವಳಿಗೆ ಕೆಳಗಿನದು. ಸುಜಾತಾ ಕೆಳಗಿನ ಲಾಯದಲ್ಲಿ ಹದಿನಾಲ್ಕು ವರ್ಷ ಚಾಪೆ ಮಡಿಸಿದ್ದಳು. ಹಂಸ ಅಲ್ಲೇ ಹುಟ್ಟಿ, ಅಲ್ಲೇ ಕೆಮ್ಮಿ ಕೆಮ್ಮಿ ದೊಡ್ಡವಳಾದಳು. ನಾಲ್ಕು ವರ್ಷದ ಹಿಂದೆ ಮುನಿರಾಜಪ್ಪ ತೀರಿಕೊಂಡ ಮೇಲೆ ಮಂಜುಳಮ್ಮ ಬೀಗದಕೈಯನ್ನು ಸೊಸೆಗೆ ಕೊಟ್ಟು ತಾವು ಮಧ್ಯದ ಲಾಯಕ್ಕೆ ಬಂದರು. ಯಾರ ನೀರೂ ಹರಿಯದ ನೆಲದ ಮೇಲೆ ಸುಜಾತಾ ಮಲಗತೊಡಗಿದ್ದು ಆಗಲೇ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ.

ಆ ರಾತ್ರಿಯ ಪಾತ್ರೆ ತೊಳೆದು ಅವಳು ಎಂದಿನಂತೆ "ನೀರು" ಎಂದು ಕೂಗಿದಾಗ ಮಧ್ಯದಿಂದ ಅತ್ತೆಯ "ಹ್ಞೂಂ" ಬಂತು. ಕೆಳಗಿನಿಂದ ಸೂರ್ಯ ಉತ್ತರ ಕೊಡಲಿಲ್ಲ. ಅವಳು ಸ್ವಲ್ಪ ಕಾದು ನೀರು ಬಿಟ್ಟಳು. ಇನ್ನೇನು ಮಾಡುವುದು?

ಮುಂದಿನ ಭಾನುವಾರ ಬೆಳಗ್ಗೆ ಗೇಟಿನ ಮುಂದೆ ಹತ್ತು ಹನ್ನೆರಡು ಜನ ಬಂದು ನಿಂತರು. ಹಳೆಯ ಕಟ್ಟಡಗಳನ್ನು ತೋರಿಸುತ್ತಾ ಜನರನ್ನು ಸುತ್ತಾಡಿಸುವ ಶೀಬಾ ಎಂಬ ಹುಡುಗಿ ತಿಂಗಳಿಗೊಮ್ಮೆ ಹೀಗೆ ಬರುತ್ತಿದ್ದಳು. ಮೊದಲೇ ಫೋನು ಮಾಡಿ ಕೇಳುವಷ್ಟು ಮರ್ಯಾದೆಯವಳು. ಬಂದವರು ಎರಡು ತುಂಡಿನ ಬಾಗಿಲಿನ ಫೋಟೋ ತೆಗೆದರು, ಗೋದಲಿಯ ಫೋಟೋ ತೆಗೆದರು.

"ಇದು ಒರಿಜಿನಲ್ ಫ್ಲೋರು. ಸ್ಲೋಪ್ ನೋಡಿ. ಎಷ್ಟು ಬುದ್ಧಿವಂತಿಕೆ ಅಲ್ವಾ, ನೀರು ತಾನೇ ಹೋಗ್ಬಿಡುತ್ತೆ" ಎಂದಳು ಶೀಬಾ.

"ಹೌದು ಮೇಡಂ. ನೀರು ತಾನೇ ಹೋಗುತ್ತೆ, ನಮಗೇ ಹೋಗಕ್ಕಾಗಲ್ಲ" ಎಂದಳು ಸುಜಾತಾ, ಪಾತ್ರೆಯ ಬುಟ್ಟಿ ಸೊಂಟಕ್ಕೇರಿಸಿಕೊಂಡು.

ಬಂದವರೆಲ್ಲ ನಕ್ಕರು. ಒಬ್ಬಾಕೆ ದಯವಿಟ್ಟು ಈ ನೆಲ ಬದಲಾಯಿಸಬೇಡಿ ಎಂದು ಕೈಹಿಡಿದು ಕೇಳಿಕೊಂಡಳು. ಕೆಳಗಿನ ಲಾಯದ ಹೊಸ್ತಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ ಸೂರ್ಯ ಅದನ್ನು ಕೇಳಿಸಿಕೊಂಡ.

ಅವನು ಮಾತನಾಡುವವನಲ್ಲ, ಮಾಡಿಬಿಡುವವನು. ಮಾರನೆಯ ಶನಿವಾರ ಕಗ್ಗದಾಸಪುರದಲ್ಲಿ ಮಂಜುಳಮ್ಮನವರ ತಂಗಿ ಮಗನ ಮನೆಯ ಗೃಹಪ್ರವೇಶವಿತ್ತು. ಅತ್ತೆ, ಸೊಸೆ, ಜಗದೀಶ, ಹಂಸ ನಾಲ್ವರೂ ಎರಡು ದಿನ ಅಲ್ಲೇ ಉಳಿದರು. ಕೆ.ಆರ್. ಪುರದ ಗೋಡೌನಿನಲ್ಲಿ ರಜೆ ಸಿಗಲಿಲ್ಲ ಎಂದು ಸೂರ್ಯ ಉಳಿದುಕೊಂಡ. ಭಾನುವಾರ ಸಂಜೆ ವಾಪಸು ಬಂದು ನೋಡಿದರೆ ಕೆಳಗಿನ ಲಾಯದಲ್ಲಿ ಟ್ಯೂಬ್‌ಲೈಟು ಕಣ್ಣು ಕುಕ್ಕುತ್ತಿತ್ತು. ನೆಲದ ತುಂಬ ಬಿಳಿ ಟೈಲ್ಸು. ಮೋರಿ ಇದ್ದ ಗುರುತೂ ಇಲ್ಲ. ಗಾರೆ ಕೆಲಸದ ಶ್ರೀರಾಮಪ್ಪ ಕರಣೆ ತೊಳೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

"ಲೆವೆಲ್ ನೋಡಿ ಅಮ್ಮ, ಗೋಲಿ ಬಿಟ್ರೆ ಅಲ್ಲಾಡಲ್ಲ" ಎಂದ ಶ್ರೀರಾಮಪ್ಪ.

ಗೋಲಿಯೇನೋ ಅಲ್ಲಾಡಲಿಲ್ಲ. ಆದರೆ ಮಂಚ ಒಂದು ಕಡೆಗೆ ವಾಲಿಕೊಂಡು ನಿಂತಿತ್ತು. ಬೀರುವಿನ ಬಾಗಿಲು ಮುಚ್ಚಿದಷ್ಟು ಸಲ ತಾನೇ ತೆರೆದುಕೊಳ್ಳುತ್ತಿತ್ತು. ತೊಟ್ಟಿಲಿನ ಸ್ಟ್ಯಾಂಡು ಮೂರೇ ಕಾಲಿನ ಮೇಲಿತ್ತು. ಇಳಿಜಾರಿಗೆ ಸರಿಹೋಗಲೆಂದು ಮುನಿರಾಜಪ್ಪ ಆ ಮನೆಯ ಪ್ರತಿಯೊಂದು ಸಾಮಾನಿನ ಎರಡೆರಡು ಕಾಲುಗಳನ್ನು ಅಳತೆ ಮಾಡಿ ಗರಗಸದಲ್ಲಿ ಕತ್ತರಿಸಿದ್ದರು. ಮಟ್ಟಸವಾದ ನೆಲದ ಮೇಲೆ ಅವಕ್ಕೆ ನಿಲ್ಲಲು ಬರುತ್ತಿರಲಿಲ್ಲ.

ಹಂಸ ಬಾಗಿಲು ಹಿಡಿದುಕೊಂಡು ನಕ್ಕಳು. "ಚಿಕ್ಕಪ್ಪ, ಮಂಚ ಕುಡ್ಕೊಂಡು ಬಂದಿದೆ."

"ಇಟ್ಟಿಗೆ ಕೊಡ್ತೀನಿ ಬಿಡು" ಎಂದ ಸೂರ್ಯ, ಮುಖ ಸಣ್ಣ ಮಾಡಿಕೊಂಡು.

"ನಿಮ್ಮಪ್ಪ ಅಳೆದೂ ಅಳೆದೂ ಕತ್ತರಿಸಿದ್ದು" ಎಂದರು ಮಂಜುಳಮ್ಮ. ಸ್ವಲ್ಪ ಹೊತ್ತು ಮಂಚವನ್ನೇ ನೋಡಿದರು. "ಕೇಳ್ದೆ ಮಾಡ್ಬಿಟ್ಟೆ."

"ಕೇಳಿದ್ರೆ ಬೇಡ ಅಂತಿದ್ದೆ."

"ಮೋರಿ ಮುಚ್ಚಿದ್ಯಲ್ಲ ಸೂರ್ಯ, ಮೇಲಿನ ನೀರು ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದಳು ಸುಜಾತಾ.

"ನಾನೂ ಅದನ್ನೇ ಕೇಳ್ದೆ ಅಮ್ಮ" ಎಂದ ಶ್ರೀರಾಮಪ್ಪ, ತನ್ನ ತಲೆಗೆ ಬರದ ಹಾಗೆ. "ಪೈಪ್ ಹಾಕೋಣ ಅಂದ್ರೆ ಕೆಳಗೆ ಬರೀ ಬಂಡೆ. ಹಿಂದುಗಡೆ ಅಪಾರ್ಟ್‌ಮೆಂಟ್ ಕಾಂಪೌಂಡು. ಮುಂದೆ ಬಿಡೋಣ ಅಂದ್ರೆ ಅಂಗಳ ಒಂದು ಮೊಳ ಎತ್ತರ ಇದೆ. ನೀರು ಮೆಟ್ಲು ಹತ್ತಲ್ಲವಲ್ಲ."

"ನೀರಲ್ವಾ ಅತ್ತಿಗೆ, ಏನಾದ್ರೂ ದಾರಿ ಹುಡುಕ್ಕೊಳ್ಳುತ್ತೆ. ನಾಳೆ ನೋಡೋಣ" ಎಂದ ಸೂರ್ಯ.

ನಾಳೆ ಆಯಿತು. ಸೋಮವಾರ ಬೆಳಗ್ಗೆ ಆರೂವರೆ. ಜಗದೀಶನ ಸ್ನಾನ ಆಗಿ ಹಂಸಳ ತಲೆಸ್ನಾನವೂ ಮುಗಿದಿತ್ತು. ಎರಡು ದಿನದ ಬಟ್ಟೆ ನೆನೆಹಾಕಿದ್ದ ದೊಡ್ಡ ಟಬ್ಬನ್ನು ಸುಜಾತಾ ಬಚ್ಚಲಿಗೆ ಎಳೆದುಕೊಂಡು, ಹದಿನೆಂಟು ವರ್ಷದ ರೂಢಿಯಂತೆ "ನೀರು" ಎಂದು ಕೂಗಿದಳು. ಮಧ್ಯದ ಲಾಯದಿಂದ ಮಂಜುಳಮ್ಮ, ಐವತ್ತು ವರ್ಷದ ರೂಢಿಯಂತೆ "ಹ್ಞೂಂ" ಎಂದರು. ಹಿಂದಿನ ಸಂಜೆ ಅಷ್ಟೆಲ್ಲ ಮಾತಾಡಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳಿಗಾದರೂ ನೆನಪಾಗಬೇಡವೇ? ಆಗಲಿಲ್ಲ. ಟಬ್ಬು ಬೋರಲಾಯಿತು.

ಎರಡು ನಿಮಿಷ ಕಳೆದ ಮೇಲೆ ಗೋಡೆಯಾಚೆಯಿಂದ ಮಂಜುಳಮ್ಮನವರ ದನಿ ಬಂತು. "ಸುಜಾತಾ, ನೀರು ಹೋಗ್ತಿಲ್ಲ ಕಣೇ. ವಾಪಸ್ ಬರ್ತಿದೆ."

ಓಡಿಹೋಗಿ ನೋಡಿದರೆ ಅತ್ತೆ ಮಂಚದ ಮೇಲೆ ಕಾಲು ಮಡಿಸಿಕೊಂಡು ದೋಣಿಯಲ್ಲಿ ಕೂತವರ ಹಾಗೆ ಕೂತಿದ್ದರು. ಸೋಪಿನ ನೀರು ಕಾಲ ಗಿಣ್ಣಿನವರೆಗೆ ನಿಂತಿತ್ತು. ಅವರ ಬಿಪಿ ಮಾತ್ರೆಯ ಡಬ್ಬಿ ತೇಲುತ್ತಾ ಬಾಗಿಲ ಕಡೆ ಹೋಗಿ ಅಲ್ಲಿಂದ ತಿರುಗಿ ಬರುತ್ತಿತ್ತು. ಗೋಡೆಗೊರಗಿಸಿಟ್ಟಿದ್ದ ಅಕ್ಕಿ ಮೂಟೆ ಬುಡದಿಂದ ಕುಡಿಯುತ್ತಾ ಕುಡಿಯುತ್ತಾ ಊದಿಕೊಂಡಿತ್ತು. ಸುಜಾತಾ ಸೀರೆ ಎತ್ತಿಕಟ್ಟಿ ಮಗ್ಗಿನಲ್ಲಿ ನೀರು ತೋಡಿ ಬಕೆಟಿಗೆ ತುಂಬಿದಳು. ಎರಡು ಮೆಟ್ಟಿಲು ಹತ್ತಿ ಅಂಗಳದ ನಲ್ಲಿಯ ಹತ್ತಿರದ ಚರಂಡಿಗೆ ಸುರಿದಳು. ಎಷ್ಟು ಸಲ ಹತ್ತಿಳಿದಳೋ ಅವಳಿಗೇ ಲೆಕ್ಕ ತಪ್ಪಿತು. ಸೂರ್ಯ ಆರು ಗಂಟೆಯ ಬಸ್ಸಿಗೇ ಹೋಗಿದ್ದ. ಜಗದೀಶ ಶಿವಾಜಿನಗರದ ಸೀಟು ಕವರಿನ ಅಂಗಡಿ ತೆಗೆಯಲು ಹೊರಟು ನಿಂತಿದ್ದವನು, ಒಂದು ಬಕೆಟು ಎತ್ತಿ, "ಗಿರಾಕಿ ಬಂದು ಕಾಯ್ತಿರ್ತಾನೆ ಕಣೇ" ಎಂದು ಹೋದ.

ಅವತ್ತಿನಿಂದ ಆ ಮನೆಯಲ್ಲಿ ಬಕೆಟ್ಟಿನ ಕಾಲ. ಪಾತ್ರೆ, ಬಟ್ಟೆ ಅಂಗಳದ ನಲ್ಲಿಗೆ ಹೋದವು. ಸ್ನಾನ ಮಾತ್ರ ಟಬ್ಬಿನಲ್ಲಿ ನಿಂತು ಮಾಡುವುದು, ನೀರನ್ನು ಬಕೆಟಿನಲ್ಲಿ ಹೊತ್ತು ಹೊರಗೆ ಸುರಿಯುವುದು. ಅತ್ತೆಯ ಸ್ನಾನದ ನೀರು, ಗಂಡನದು, ಮಗಳದು, ತನ್ನದು. ಮೂರು ದಿನಕ್ಕೆ ಸುಜಾತಾಳ ಸೊಂಟ ಹಿಡಿದುಕೊಂಡಿತು. ಮಗಳಿಗೆ ಹೊರು ಎನ್ನಲು ಮನಸ್ಸಿಲ್ಲ, ಪರೀಕ್ಷೆ. ಗಂಡನಿಗೆ ಹೇಳಿದರೆ ನಾಳೆಯಿಂದ ಎನ್ನುತ್ತಿದ್ದ.

ಅಂಗಳದಲ್ಲಿ ಸ್ನಾನ ಮಾಡಿ ಎಂದದ್ದಕ್ಕೆ, "ಮೇಲಿಂದ ಏಳು ಬಾಲ್ಕನಿಯೋರು ಕಾಫಿ ಕುಡೀತಾ ನೋಡ್ತಾರೆ" ಎಂದ.

"ನಿಮ್ಮನ್ನ ನೋಡಿದ್ರೆ ಕಾಫಿ ಬಿಟ್ಬಿಡ್ತಾರೆ, ಅಷ್ಟೇ."

ಬುಧವಾರ ಸಂಜೆ ಗಾಡಿಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಮಂಜುಳಮ್ಮ ಮಾತು ತೆಗೆದರು. ನೆನೆದ ಅಕ್ಕಿಯನ್ನು ಒಣಗಿಸಿ ಮಾಡಿದ ಅನ್ನ. ಒಂದು ಥರದ ಸೋಪಿನ ವಾಸನೆ ಇತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಹಿಂಗೆ ಎಷ್ಟು ದಿನ ಅಂತ ನಡೆಯುತ್ತೆ? ನೀರಿಗೆ ದಾರಿ ಬೇಕೇ ಬೇಕು. ಶ್ರೀರಾಮಪ್ಪನ್ನ ಕರ್ಸಿ ಟೈಲ್ಸ್ ಒಡ್ಸು ಸೂರಿ."

"ಒಡ್ಸಿದ್ರೆ ಯಮುನಾ ಬರಲ್ಲಮ್ಮ. ಬರೋ ವಾರ ಗುರುವಾರ ಅಂತ ಆಗಿದೆ. ನೆಲ ರೆಡಿಯಾಗಿದೆ ಅಂತ ಹೇಳ್ಬಿಟ್ಟಿದ್ದೀನಿ."

"ಬರ್ತಾಳೆ. ನೀನು, ಅವಳು, ಮಗು ಮೇಲಿನ ಲಾಯಕ್ಕೆ ಹೋಗಿ. ಅಲ್ಲಿ ಯಾರ ನೀರೂ ಬರಲ್ಲ. ಜಗ್ಗ, ಸುಜಾತಾ ಕೆಳಗೆ ಇರ್ಲಿ. ಅವಳಿಗೆ ಅಲ್ಲಿ ಅಭ್ಯಾಸ ಇದೆ."

ಅಭ್ಯಾಸ ಇದೆ. ಸುಜಾತಾ ಸಾರಿನ ಪಾತ್ರೆ ಕೆಳಗಿಟ್ಟು ಗಂಡನ ಕಡೆ ನೋಡಿದಳು. ಜಗದೀಶ ಅನ್ನದಲ್ಲಿ ಕಲ್ಲು ಹುಡುಕುವವನ ಹಾಗೆ ತಟ್ಟೆ ನೋಡುತ್ತಿದ್ದ.

"ಅಪ್ಪ, ನನ್ನ ಪರೀಕ್ಷೆ" ಎಂದಳು ಹಂಸ.

"ಇನ್ನೊಂದು ಸ್ವಲ್ಪ ದಿನ ಅಷ್ಟೇ ಮಗ" ಎಂದ ಜಗದೀಶ.

"ಏನು ಸ್ವಲ್ಪ ದಿನ? ಕೆಳಗೆ ಇಳಿದ ಮೇಲೆ ಯಾರು ಹತ್ತುಸ್ತಾರೆ ನಮ್ಮನ್ನ?"

"ಅತ್ತಿಗೆ ಏನೂ ಹೇಳ್ತಿಲ್ಲ. ನಿನಗ್ಯಾಕೆ?" ಎಂದ ಸೂರ್ಯ. ಅಂದ ಮೇಲೆ ಅವನಿಗೇ ಸರಿಯೆನಿಸಲಿಲ್ಲವೋ ಏನೋ, "ಅತ್ತಿಗೆ, ನಿಮಗೆ ಬೇಜಾರಿಲ್ಲ ತಾನೇ?" ಎಂದ.

"ಅತ್ತೆ ಹೇಳಿದ್ಮೇಲೆ ಆಯ್ತು" ಎಂದಳು ಸುಜಾತಾ. ದನಿಯಲ್ಲಿ ಸಿಟ್ಟಿರಲಿಲ್ಲ. ಬೆಳಗ್ಗೆಯಿಂದ ಹನ್ನೊಂದು ಬಕೆಟು ಹೊತ್ತವಳಿಗೆ ಸಿಟ್ಟು ಮಾಡಿಕೊಳ್ಳುವುದೂ ಒಂದು ಕೆಲಸವೇ.

ಆಮೇಲಿನ ಒಂದು ವಾರ ಹಂಸ ತಾಯಿಯ ಜತೆ ಮಾತು ಬಿಟ್ಟಳು. ಅವಳು ಗೋದಲಿಯಿಂದ ಪುಸ್ತಕ ತೆಗೆದು ರಟ್ಟಿನ ಪೆಟ್ಟಿಗೆಗೆ ತುಂಬುವಾಗ ಒಂದೊಂದನ್ನೂ ಎಸೆದು ಎಸೆದು ತುಂಬಿದಳು. ಸುಜಾತಾ ಬಟ್ಟೆ ಗಂಟು ಕಟ್ಟಿದಳು, ಗೋಡೆಯ ಮೊಳೆಯಿಂದ ಕ್ಯಾಲೆಂಡರು ತೆಗೆದಳು. ಮೇಲಿನ ಲಾಯದ ನೆಲವನ್ನು ಬರುವ ಮಗುವಿಗಾಗಿ ಎರಡು ಸಲ ಸಾರಿಸಿ, ಆ ನೀರನ್ನೂ ಹೊತ್ತು ಸುರಿದಳು. ಶ್ರೀರಾಮಪ್ಪನಿಗೆ ಶುಕ್ರವಾರ ಬಂದು ಟೈಲ್ಸು ಒಡೆಯಲು ಹೇಳಿಯಾಯಿತು.

ಗುರುವಾರ ಹತ್ತು ಗಂಟೆಗೆ ಆಟೋ ಬಂತು. ಯಮುನಾ ಮಗುವನ್ನು ಎತ್ತಿಕೊಂಡು ಇಳಿದಳು, ಹಿಂದೆ ಅವಳ ತಾಯಿ ಎರಡು ಬ್ಯಾಗು ಹಿಡಿದುಕೊಂಡು. ಸುಜಾತಾ ಆರತಿ ಎತ್ತಿದಳು, ಓಕುಳಿ ನೀರನ್ನು ಬೀದಿಗೆ ಚೆಲ್ಲಿದಳು, ಮಗುವಿನ ಕೆನ್ನೆ ಮುಟ್ಟಿ ನೆಟಿಗೆ ಮುರಿದಳು. ಎಲ್ಲರೂ ಗಾಡಿಮನೆಯಲ್ಲಿ ಕೂತು ಕಾಫಿ ಕುಡಿದರು. ಕಾಫಿ ಮುಗಿದ ಮೇಲೆ ಸುಜಾತಾ ಸೊಂಟದಿಂದ ಬೀಗದಕೈ ಬಿಚ್ಚಿ, ಯಮುನಾಳ ಮುಂದೆ ಮಣೆಯ ಮೇಲೆ ಇಟ್ಟಳು.

"ಏನಕ್ಕ ಇದು?"

"ಅಡುಗೆಮನೇದು. ಮೇಲಿನ ಲಾಯ ನಿಂದಾಯ್ತಲ್ಲ, ಇದೂ ನಿಂದೇ. ಬೆಳಗ್ಗೆ ಐದಕ್ಕೆ ಹಾಲು ಬರುತ್ತೆ, ಗೇಟ್ ಹತ್ರ ಇಟ್ಟು ಹೋಗ್ತಾನೆ. ಆರಕ್ಕೆ ಸೂರ್ಯನ ಡಬ್ಬಿ, ಏಳೂವರೆಗೆ ನಿಮ್ಮ ಭಾವಂದು. ಅತ್ತೆಗೆ ತಿಂಡಿಗೆ ಮುಂಚೆ ಒಂದು ಮಾತ್ರೆ, ಆದ್ಮೇಲೆ ಎರಡು. ಮುದ್ದೆ ಎರಡು ಹೊತ್ತು. ಗ್ಯಾಸು ಈ ವಾರ ಮುಗಿಯುತ್ತೆ, ಇವತ್ತೇ ಬುಕ್ ಮಾಡು."

ಯಮುನಾಳ ತಾಯಿ ಬ್ಯಾಗಿನ ಹಿಡಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. "ಏನ್ರೀ ಇದು ಬೀಗಿತ್ತಿ? ಹಸಿ ಬಾಣಂತಿ ಕೈಲಿ ಮನೆ ಅಡುಗೆ ಮಾಡಿಸ್ತೀರಾ?"

"ಅವಳು ಏನೋ ತಮಾಷೆಗೆ ಅಂತಾಳೆ" ಎಂದರು ಮಂಜುಳಮ್ಮ. "ಸುಜಾತಾ, ಏನೇ ಇದು?"

"ಕಾನೂನು ನಿಮ್ಮದೇ ಅತ್ತೆ. ಅಡುಗೆ ಯಾರದೋ ಮೇಲಿನ ಲಾಯ ಅವರದು. ನೀವು ಇಳಿಯುವಾಗ ನನಗೆ ಬೀಗದಕೈ ಕೊಟ್ಟು ಇಳಿದ್ರಿ. ನಾನೂ ಕೊಟ್ಟು ಇಳೀತೀನಿ. ಕೆಳಗೆ ಇದ್ದಾಗ ನೀವು ಬಡಿಸಿದ್ದನ್ನ ತಿಂದ್ಕೊಂಡಿದ್ದೆ, ಇನ್ಮೇಲೂ ಹಂಗೇ ಇರ್ತೀನಿ."

ಸೂರ್ಯ ಅಣ್ಣನ ಮುಖ ನೋಡಿದ. ಅಂಗಡಿಗೆ ಹೊತ್ತಾಯಿತು ಎನ್ನಲು ಜಗದೀಶನಿಗೂ ಧೈರ್ಯ ಬರಲಿಲ್ಲ.

ಯಮುನಾ ಮಾತ್ರ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಮೇಲಿನ ಲಾಯಕ್ಕೆ ಹೋಗಿ ಇಣುಕಿದಳು. ಕಟ್ಟಿಟ್ಟ ಗಂಟುಗಳು, ರಟ್ಟಿನ ಪೆಟ್ಟಿಗೆ, ಮೂಲೆಯಲ್ಲಿ ತಿರುಗಿಕೊಂಡು ಕೂತಿದ್ದ ಹಂಸ. ಅಂಗಳ ದಾಟಿ ಕೆಳಗಿನ ಲಾಯಕ್ಕೂ ಹೋಗಿ ಬಂದಳು.

"ಅಕ್ಕ, ಕೆಳಗೆ ಎಷ್ಟು ವರ್ಷ ಇದ್ರಿ ನೀವು?"

"ಹದಿನಾಲ್ಕು."

"ಯಾವತ್ತೂ ಕೇಳ್ಲಿಲ್ವಾ, ಬೇಡ ಅಂತ?"

"ಒಂದು ಸಲ ಕೇಳ್ದೆ. ಹಂಸಂಗೆ ಉಬ್ಬಸ ಬಂದಾಗ."

"ಏನಂದ್ರು?"

ಸುಜಾತಾ ಅತ್ತೆಯ ಕಡೆ ನೋಡಲಿಲ್ಲ. "ನಿನ್ನ ಸರದಿ ಬರುತ್ತೆ ಅಂದ್ರು. ಬಂತು. ನಾಲ್ಕು ವರ್ಷ ಇತ್ತು."

ಯಮುನಾ ಗಂಡನ ಕಡೆ ತಿರುಗಿದಳು. "ರೀ, ನಾನೇನು ಕೇಳಿದ್ದು? ರೂಮಲ್ಲಿ ಮೋರಿ ಬೇಡ ಅಂದೆ. ಅಕ್ಕನ ರೂಮು ಕೊಡ್ಸಿ ಅಂದ್ನಾ? ಕೆಳಗೆ ಟೈಲ್ಸ್ ಹಾಕ್ಸಿದ್ದೀರಲ್ಲ. ನನಗೆ ಅಷ್ಟೇ ಸಾಕು."

"ಅದನ್ನ ನಾಳೆ ಒಡೀತಾರೆ."

"ಯಾಕೆ ಒಡೀತಾರೆ?"

"ನೀರು ಎಲ್ಲಿಗೆ ಹೋಗ್ಬೇಕಮ್ಮ ಹಾಗಾದ್ರೆ?" ಎಂದರು ಮಂಜುಳಮ್ಮ. ಈ ಸಲ ದನಿಯಲ್ಲಿ ಯಜಮಾನಿಕೆ ಇರಲಿಲ್ಲ, ನಿಜವಾಗಿ ಕೇಳುವಂತಿತ್ತು. "ನನಗೆ ಅರವತ್ತೆಂಟು. ನಾನು ಹೊರಕ್ಕಾಗುತ್ತಾ? ಸುಜಾತಾನೇ ಒಂದೂವರೆ ವಾರದಿಂದ ಎಲ್ರದ್ದೂ ಹೊತ್ತೂ ಹೊತ್ತೂ ಸೊಂಟ ಹಿಡ್ಕೊಂಡು ಓಡಾಡ್ತಿದ್ದಾಳೆ."

ನೋಡಿದ್ದರು, ಹಾಗಾದರೆ. ಅಷ್ಟು ದಿನ ನೋಡಿಯೂ ಸುಮ್ಮನಿದ್ದರು. ಆ ಮಾತು ಬಂದ ಮೇಲೆ ಸುಜಾತಾಳಿಗೆ ಮುಂದಿನದು ಹೇಳುವುದು ಸುಲಭವಾಯಿತು.

"ಟೈಲ್ಸ್ ಇರ್ಲಿ. ಮಗು ಕೆಳಗೆ ಮಲಗ್ಲಿ. ನಾನು ಮೇಲಿಂದ ಇಳಿಯಲ್ಲ. ನನ್ನ ನೀರು ನಾನು ಹೊರ್ತೀನಿ." ಬೀಗದಕೈ ಎತ್ತಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನನ್ನದು ಮಾತ್ರ. ಅವರವರ ನೀರು ಅವರವರು ಹೊತ್ಕೊಳ್ಳಲಿ."

"ನಂದು?" ಎಂದರು ಮಂಜುಳಮ್ಮ.

"ಇಬ್ಬರು ಗಂಡುಮಕ್ಕಳನ್ನ ಹೆತ್ತಿದ್ದೀರಲ್ಲ ಅತ್ತೆ."

ಗಾಡಿಮನೆಯ ಆ ದೊಡ್ಡ ಬಾಗಿಲಿನಿಂದ ಬಿಸಿಲು ಒಳಗೆ ಬಂದು ಎಲ್ಲರ ಮುಖದ ಮೇಲೂ ಬಿದ್ದಿತ್ತು, ತಪ್ಪಿಸಿ ಕೂರಲು ಜಾಗವಿರಲಿಲ್ಲ. ಜಗದೀಶ ಗಂಟಲು ಸರಿಮಾಡಿಕೊಂಡ. "ಶ್ರೀರಾಮಪ್ಪನಿಗೆ ಬೇಡ ಅಂತ ಫೋನ್ ಮಾಡ್ತೀನಿ" ಎಂದು ಎದ್ದು ಹೊರಗೆ ಹೋದ. ಅವನ ಪಾಲಿಗೆ ಅದೇ ದೊಡ್ಡ ಮಾತು.

ಹಂಸ ಪೆಟ್ಟಿಗೆಯಿಂದ ಪುಸ್ತಕಗಳನ್ನು ತೆಗೆಯತೊಡಗಿದಳು. ಈ ಸಲ ಎಸೆಯಲಿಲ್ಲ.

ಮಾರನೆಯ ದಿನವೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಶುಕ್ರವಾರ ಜಗದೀಶ ಸ್ನಾನವನ್ನೇ ಮಾಡದೆ ಅಂಗಡಿಗೆ ಹೋದ. ಶನಿವಾರ ಟಬ್ಬಿನಲ್ಲಿ ಮಿಂದು, ನೀರನ್ನು ಅಲ್ಲೇ ಬಿಟ್ಟು ಹೋದ. ಸುಜಾತಾ ಅದನ್ನು ಮುಟ್ಟಲಿಲ್ಲ. ಸಂಜೆ ಬಂದವನು ಬೂದಿ ಬಣ್ಣಕ್ಕೆ ತಿರುಗಿ, ಮೇಲೆ ಸೊಳ್ಳೆ ಕೂತಿದ್ದ ತನ್ನದೇ ನೀರನ್ನು ನೋಡಿ, ಹೆಂಡತಿಯನ್ನು ನೋಡಿ, ಲುಂಗಿ ಎತ್ತಿಕಟ್ಟಿದ. ಭಾನುವಾರದಿಂದ ಅಂಗಳದ ನಲ್ಲಿಯ ಕೆಳಗೆ ಕೂತು ಮೀಯತೊಡಗಿದ. ಏಳು ಬಾಲ್ಕನಿಯವರಲ್ಲಿ ಒಬ್ಬರೂ ಕಾಫಿ ಬಿಡಲಿಲ್ಲ.

ಮಂಜುಳಮ್ಮ ಮೂರು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಕಳೆದರು. ಯಾರ ಹಂಗೂ ಬೇಡ ಎಂದರು. ಸೋಮವಾರ ಅವರ ತಲೆಸ್ನಾನದ ದಿನ. ತಲೆಗೆ ಎಣ್ಣೆ ಹಚ್ಚಿಕೊಂಡು ಮಂಚದ ಮೇಲೆ ಕೂತು, ಬಾಗಿಲ ಕಡೆ ನೋಡುತ್ತಿದ್ದರು. ಅಂಗಳದಲ್ಲಿ ತನ್ನ ಎರಡನೆಯ ಬಕೆಟು ಸುರಿದು ಬರುತ್ತಿದ್ದ ಸುಜಾತಾಳಿಗೆ ಅದು ಕಂಡಿತು. ಮೆಟ್ಟಿಲ ಮೇಲೆ ನಿಂತಳು. ಎಷ್ಟಾದರೂ ಎಣ್ಣೆ ಹಚ್ಚಿಕೊಂಡ ಮುದುಕಿ. ಕಾಲು ತಾನಾಗಿ ಆ ಕಡೆ ತಿರುಗಿತು.

"ಅಕ್ಕ, ಬಿಡಿ" ಎಂದಳು ಯಮುನಾ, ಕೆಳಗಿನ ಲಾಯದ ಅರ್ಧ ಬಾಗಿಲಿಗೆ ಒರಗಿ ಮಗುವಿಗೆ ಬಿಸಿಲು ಕಾಯಿಸುತ್ತಾ. ಆಮೇಲೆ ಒಳಗೆ ತಿರುಗಿ, "ರೀ, ಅತ್ತೆ ಸ್ನಾನಕ್ಕೆ ಕೂತಿದ್ದಾರೆ. ಎರಡು ಬಕೆಟ್ ಆಗುತ್ತೆ. ಬನ್ನಿ."

"ಆರರ ಬಸ್ಸು ಆಗ್ಲೇ ತಪ್ಪಿದೆ. ಗೋಡೌನಿಗೆ ಇನ್ನೂ ಲೇಟಾಗುತ್ತೆ."

"ಆಗ್ಲಿ."

ಸೂರ್ಯ ಬಂದ. ತಾಯಿಗೆ ಬಿಸಿನೀರು ತಂದಿಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತು ಕಾದ. ಒಳಗಿನಿಂದ ಮಂಜುಳಮ್ಮ ಆಯ್ತು ಎಂದ ಮೇಲೆ ಹೋಗಿ, ಸೀಗೇಕಾಯಿ ನೊರೆಯ ಬಕೆಟನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದ. ಮೊದಲ ಮೆಟ್ಟಿಲಿಗೇ ಅರ್ಧ ಚೆಲ್ಲಿ ಪ್ಯಾಂಟು ಒದ್ದೆಯಾಯಿತು.

"ತುಂಬ ತುಂಬ್ಕೋಬಾರ್ದು, ಮುಕ್ಕಾಲು ಸಾಕು. ಬೆನ್ನು ಬಗ್ಗಿಸ್ಬೇಡ, ಮಂಡಿ ಬಗ್ಗಿಸು" ಎಂದಳು ಸುಜಾತಾ.

"ದಿನಾ ಹೆಂಗೆ ಹೊತ್ರಿ ಅತ್ತಿಗೆ ಇದನ್ನ?"

ಅವಳು ತನ್ನ ಖಾಲಿ ಬಕೆಟನ್ನು ಬೋರಲು ಹಾಕಿ, ಮೇಲಿನ ಲಾಯಕ್ಕೆ ಹೋಗಿ, ಚಾಪೆಯನ್ನೂ ಹಾಸಿಕೊಳ್ಳದೆ ತಣ್ಣಗಿನ ಕಲ್ಲಿನ ಮೇಲೆ ಸೊಂಟ ಊರಿ ಮಲಗಿದಳು. ಹಂಸ ಪುಸ್ತಕದಿಂದ ತಲೆಯೆತ್ತಿ ನೋಡಿ, ಎದ್ದುಹೋಗಿ ತಾಯಿಯ ತಲೆಯ ಕೆಳಗೆ ಒಂದು ದಿಂಬು ತಳ್ಳಿ, ಮತ್ತೆ ಓದಲು ಕೂತಳು.

"ಸುಜಾತಾ, ತಿಂಡಿ ಏನೇ?" ಎಂದು ಗೋಡೆಯಾಚೆಯಿಂದ ಮಂಜುಳಮ್ಮ ಕೇಳಿದರು.

"ಹತ್ತು ನಿಮಿಷ ಅತ್ತೆ" ಎಂದಳು ಸುಜಾತಾ, ಕಣ್ಣು ಮುಚ್ಚಿಕೊಂಡೇ.

ಆಚೆ ಒದ್ದೆ ಕೂದಲು ಬಡಿಯುವ ಸದ್ದಾಯಿತು. ಆಮೇಲೆ ಮಂಜುಳಮ್ಮನವರ ದನಿ ಬಂತು. "ಆಗ್ಲಿ. ಮಲ್ಕೋ."